ಟಿಬಿ ಗುಳಿಗೆಯ ನಡುವೆ ಭೇದಿ ಹಿಡಿದರೆ

ಟಿಬಿ ಗುಳಿಗೆ ಶುರುವಾದ ಮೊದಲ ವಾರಗಳಲ್ಲಿ ಹೊಟ್ಟೆ ತೊಳೆಸುವುದು, ವಾಕರಿಕೆ ಮಾಮೂಲು. ಮೂತ್ರ ಕೆಂಪಗಾಗುವುದೂ ಮಾಮೂಲೇ, ಅದು ಟಿಬಿ ಗುಳಿಗೆಯಲ್ಲಿರುವ ರಿಫಾಂಪಿಸಿನ್ ಎಂಬ ಔಷಧದ ಬಣ್ಣ. ನನಗೆ ಚಿಂತೆ ಹತ್ತುವುದು ಗುಳಿಗೆ ಒಗ್ಗಿ, ಕೆಮ್ಮು ನಿಂತು, ತೂಕ ಏರುತ್ತಿರುವಾಗ ಇದ್ದಕ್ಕಿದ್ದಂತೆ ನೀರುಭೇದಿ ಹಿಡಿದವರನ್ನು ಕಂಡಾಗ.

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಒಬ್ಬರು ಹೀಗೇ ಬಂದರು. ವಾರದಿಂದ ದಿನಕ್ಕೆ ಎಂಟತ್ತು ಸಲ ಭೇದಿ, ಹೊಟ್ಟೆ ಮುರಿತ, ಸಣ್ಣ ಜ್ವರ. "ಮಿರ್ಚಿ ಜಾಸ್ತಿ ತಿಂದಿದ್ದೇರಿ ಸರ, ಅದ್ರದ್ದೇ ಇರಬೇಕು. ಭೇದಿ ನಿಲ್ಲೋ ಗುಳಿಗಿ ನುಂಗೀನಿ, ಟಿಬಿ ಗುಳಿಗಿ ಬಿಟ್ಟೀನಿ" ಅಂದರು. ನಮ್ಮೂರಲ್ಲಿ ಮಿರ್ಚಿಯನ್ನು ದೂರುವುದು ಸುಲಭ. ಆದರೆ ಮಿರ್ಚಿಯ ರಗಳೆ ಒಂದೆರಡು ದಿನದ್ದು, ವಾರಗಟ್ಟಲೆ ಎಳೆಯುವುದಿಲ್ಲ.

ರಿಫಾಂಪಿಸಿನ್ ಟಿಬಿ ಕ್ರಿಮಿಯನ್ನಷ್ಟೇ ಕೊಲ್ಲುವುದಿಲ್ಲ, ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಹೊಡೆಯುತ್ತದೆ. ಆ ತೆರವಿನಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ಬೆಳೆದು, ವಿಷ ಬಿಟ್ಟು, ದೊಡ್ಡ ಕರುಳಿನ ಒಳಪದರವನ್ನು ಹುಣ್ಣಾಗಿಸುತ್ತದೆ. ಟಿಬಿ ರೋಗಿಗಳಲ್ಲಿ ಇದು ಅಪರೂಪ, ಆದರೆ ತಡವಾದರೆ ಪ್ರಾಣಕ್ಕೇ ಬರಬಹುದು. ಔಷಧಕ್ಕೆ ಬಗ್ಗದ ಟಿಬಿಗೆ ಕೊಡುವ ಲೆವೊಫ್ಲಾಕ್ಸಸಿನ್, ಮಾಕ್ಸಿಫ್ಲಾಕ್ಸಸಿನ್‌ಗಳಿಂದಲೂ ಬರುತ್ತದೆ. ಜತೆಗೆ ತಿಂಗಳುಗಟ್ಟಲೆ ನುಂಗುವ ಗ್ಯಾಸ್ ಗುಳಿಗೆ ಈ ಅಪಾಯವನ್ನು ಹೆಚ್ಚಿಸುತ್ತದೆ. ಕೇಳಿದವರಿಗೆಲ್ಲ ಅದನ್ನು ಬರೆದುಕೊಡುವ ಚಾಳಿ ನಮ್ಮ ವೈದ್ಯರದ್ದೇ.

ಭೇದಿ ಕಟ್ಟುವ ಲೊಪೆರಮೈಡ್ ಇಲ್ಲಿ ಬೇಡವೇ ಬೇಡ. ಅದು ಕರುಳಿನ ಚಲನೆಯನ್ನೇ ತಡೆಯುವುದರಿಂದ ವಿಷ ಒಳಗೇ ಉಳಿಯುತ್ತದೆ. ಟಿಬಿ ಗುಳಿಗೆಯನ್ನು ತಾವೇ ಬಿಡುವುದೂ ಅಷ್ಟೇ ಕೆಟ್ಟದ್ದು. ನಿಲ್ಲಿಸಬೇಕೋ, ಯಾವುದನ್ನು ಬದಲಿಸಬೇಕೋ, ಮತ್ತೆ ಒಂದೊಂದಾಗಿ ಶುರು ಮಾಡಬೇಕೋ ಎಂಬುದನ್ನು ವೈದ್ಯರು ನೋಡಿ ಹೇಳಬೇಕು.

ಹಾಗಂತ ಎಲ್ಲ ಭೇದಿಯೂ ಇದೇ ಅಲ್ಲ. ಕರುಳಿಗೇ ಟಿಬಿ ತಗುಲಿರಬಹುದು, ಬೇಸಿಗೆಯ ಟ್ಯಾಂಕರ್ ನೀರೂ ಕಾರಣವಿರಬಹುದು. ಅದಕ್ಕೇ ಮಲದಲ್ಲಿ ಆ ವಿಷ ಇದೆಯೇ ಎಂದು ಪರೀಕ್ಷೆ ಮಾಡಿಸುತ್ತೇವೆ. ಮಾದರಿ ತಾಜಾ ಇರಬೇಕು, ತಣ್ಣಗಿರಬೇಕು. ಜಗಳೂರಿನಿಂದ ಬಿಸಿಲಲ್ಲಿ ಬಸ್ಸಿನಲ್ಲಿ ತಂದ ಡಬ್ಬಿಯಲ್ಲಿ ವಿಷ ಕೆಟ್ಟುಹೋಗಿ, ಕಾಯಿಲೆ ಇದ್ದರೂ ವರದಿ ನೆಗೆಟಿವ್ ಬರಬಹುದು.

ಚಿಕಿತ್ಸೆಗೆ ವ್ಯಾಂಕೊಮೈಸಿನ್ 125 ಮಿಲಿಗ್ರಾಂ, ದಿನಕ್ಕೆ 4 ಸಲ, 10 ದಿನ, ಬಾಯಿಂದಲೇ. ನರಕ್ಕೆ ಕೊಟ್ಟರೆ ಅದು ಕರುಳಿಗೆ ಮುಟ್ಟುವುದಿಲ್ಲ. ಕ್ಯಾಪ್ಸೂಲ್ ಸಿಗದಿದ್ದಾಗ ಇಂಜೆಕ್ಷನ್ ಸೀಸೆಯ ಪುಡಿಯನ್ನೇ ನೀರಲ್ಲಿ ಕದಡಿ ಕುಡಿಸುತ್ತೇವೆ. "ಇಂಜೆಕ್ಷನ್ ಕುಡಿಸ್ತಾರಲ್ಲ" ಎಂದು ಮನೆಯವರು ಗಾಬರಿಯಾಗುವುದುಂಟು. ಮಜ್ಜಿಗೆ ಕುಡಿಯಲು ಅಡ್ಡಿಯಿಲ್ಲ, ಆದರೆ ಅದು ಔಷಧವಲ್ಲ.

ರೋಗಿಯನ್ನು ನೋಡಿಕೊಳ್ಳುವವರು ಸೋಪು ಹಚ್ಚಿ ಕೈ ತೊಳೆಯಬೇಕು. ಈ ಬ್ಯಾಕ್ಟೀರಿಯಾದ ಬೀಜಕಗಳು, ಅಂದರೆ ಗಟ್ಟಿ ಕವಚದೊಳಗೆ ಅಡಗಿದ ಅದರ ರೂಪ, ಸ್ಯಾನಿಟೈಸರ್‌ಗೆ ಸಾಯುವುದಿಲ್ಲ. ಗುಣವಾದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮತ್ತೆ ಬರುತ್ತದೆ, ಹೆಚ್ಚಾಗಿ ಎರಡು ತಿಂಗಳೊಳಗೆ. ಈ ಅವಧಿಯಲ್ಲಿ ನೆಗಡಿಗೋ ಹಲ್ಲುನೋವಿಗೋ ಬೇರೆ ವೈದ್ಯರ ಬಳಿ ಹೋದರೆ, ಅವರು ಆಂಟಿಬಯಾಟಿಕ್ ಬರೆಯುವ ಮೊದಲೇ ಇದನ್ನು ಹೇಳಿಬಿಡಿ.