ಜನಗಣತಿಯವರು ಬಂದಾಗ ನಾವಿಬ್ಬರೂ ಏನಂತ ಬರೆಸಬೇಕು?

ಪ್ರಶ್ನೆ: ನಾವಿಬ್ಬರೂ ಹೆಂಗಸರು. ಹಾಸನದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಸಂಗಾತಿಗಳಾಗಿ ಬದುಕುತ್ತಿದ್ದೇವೆ, ಓನರ್‌ಗೆ ಮಾತ್ರ ಫ್ರೆಂಡ್ಸ್ ಅಂತ ಹೇಳಿದ್ದೇವೆ. ನಮ್ಮಂಥವರ ಮದುವೆಗೆ ಕಾನೂನಿನ ಮಾನ್ಯತೆಯೇ ಇಲ್ಲ ಅಂದಮೇಲೆ ಜನಗಣತಿಯಲ್ಲಿ ಬರೆಸಿ ಏನು ಸಿಗುತ್ತೆ? ಬಾಗಿಲು ಹಾಕಿಕೊಂಡು ಸುಮ್ನಿದ್ದರೆ ಆಗಲ್ವಾ?

ಉತ್ತರ: ಆಗಲ್ಲ. 1948ರ ಜನಗಣತಿ ಕಾಯ್ದೆ ಪ್ರಕಾರ ಉತ್ತರ ಕೊಡದೇ ಇದ್ದರೆ ದಂಡ ಹಾಕಬಹುದು. ಆದರೆ ನಾನು ಬರೆಸಿ ಅನ್ನೋದು ದಂಡದ ಭಯಕ್ಕಲ್ಲ.

2013ರಲ್ಲಿ ಸುಪ್ರೀಂ ಕೋರ್ಟು, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ನನ್ನು ಉಳಿಸಿತಲ್ಲ, ಆಗ ಕೊಟ್ಟ ಕಾರಣಗಳಲ್ಲಿ ಒಂದು, ಇಂಥವರು ದೇಶದ ಜನಸಂಖ್ಯೆಯಲ್ಲಿ ತೀರಾ ಸಣ್ಣ ಪಾಲು ಅನ್ನೋದು. ಎಣಿಸಿದ್ದು ಯಾರು? ಆ ತೀರ್ಪು 2018ರಲ್ಲಿ ಬಿದ್ದುಹೋಯ್ತು ನಿಜ. ಆದರೆ ಲೆಕ್ಕದಲ್ಲೇ ಇಲ್ಲದವರನ್ನು ಬೆರಳೆಣಿಕೆ ಮಂದಿ ಅಂದುಬಿಡೋದು ಎಷ್ಟು ಸುಲಭ ನೋಡಿ. 2011ರ ಗಣತಿಯಲ್ಲಿ ಗಂಡು, ಹೆಣ್ಣು ಬಿಟ್ಟು 'ಇತರೆ' ಅಂತ ಬರೆಸಿದವರು ಸುಮಾರು 4.88 ಲಕ್ಷ. ಹೆದರಿ ಬರೆಸದವರು ಇನ್ನೆಷ್ಟೋ. ಆದರೂ ಟ್ರಾನ್ಸ್‌ಜೆಂಡರ್ ಮಂದಿ ಎಷ್ಟಿದ್ದಾರೆ ಅಂದರೆ ಇವತ್ತಿಗೂ ಎಲ್ಲರೂ ಹಿಡಿದುಕೊಂಡು ಮಾತಾಡೋದು ಆ ಅಂಕಿಯನ್ನೇ.

ಅಮೆರಿಕದ್ದು ಇನ್ನೂ ತಮಾಷೆ. 1990ರ ಗಣತಿಯಲ್ಲಿ ಇಬ್ಬರು ಗಂಡಸರು ದಂಪತಿ ಅಂತ ಬರೆಸಿದರೆ, ಏನೋ ತಪ್ಪಾಗಿದೆ ಅಂತ ಒಬ್ಬರನ್ನು ಹೆಣ್ಣು ಅಂತ ತಿದ್ದಿಬಿಡುತ್ತಿದ್ದರು! ಜನ ಬರೆಸೋದು ಬಿಡಲಿಲ್ಲ. 2020ರ ಫಾರಂನಲ್ಲಿ ಸಲಿಂಗಿ ಜೋಡಿಗೆ ಅಂತಲೇ ಬೇರೆ ಕಾಲಂ ಬಂತು.

ನಮ್ಮಲ್ಲಿ ಆ ಕಾಲಂ ಇಲ್ಲ, ನೀವು ಯಾರನ್ನು ಪ್ರೀತಿಸುತ್ತೀರಿ ಅಂತ ಯಾರೂ ಕೇಳೋದೂ ಇಲ್ಲ. ಒಟ್ಟಿಗಿದ್ದು ಒಂದೇ ಅಡುಗೆಮನೆಯ ಊಟ ಮಾಡುವವರು ಗಣತಿಗೆ ಒಂದು ಕುಟುಂಬ, ರಕ್ತಸಂಬಂಧ ಇರಲೇಬೇಕು ಅಂತೇನಿಲ್ಲ. ಹಾಗಾಗಿ ಇಬ್ಬರ ಹೆಸರೂ ಒಂದೇ ಮನೆಯಡಿ ಬರಲಿ. ಯಜಮಾನಿ ಯಾರು ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ, ಗಣತಿಗೆ ಬರೋ ಟೀಚರ್ ಮುಂದೆ ಜಗಳ ಬೇಡ. ಇನ್ನು ಮದುವೆಯ ಪ್ರಶ್ನೆ. 2011ರಲ್ಲಿ ಗಣತಿದಾರರಿಗೆ ಕೊಟ್ಟ ಕೈಪಿಡಿಯಲ್ಲಿ ಒಂದು ಮಾತಿತ್ತು: ಆ ಮದುವೆ ಬಗ್ಗೆ ಊರಲ್ಲಿ ತಕರಾರಿದ್ದರೂ, ಆ ವ್ಯಕ್ತಿ ತನಗೆ ಮದುವೆಯಾಗಿದೆ ಅಥವಾ ಗಂಡ-ಹೆಂಡತಿಯ ಹಾಗೆ ಕಾಯಂ ಜೊತೆಗಿದ್ದೇವೆ ಅಂದರೆ 'ವಿವಾಹಿತ' ಅಂತಲೇ ಬರೆಯಿರಿ. ಅದನ್ನು ಬರೆದವರ ಮನಸ್ಸಲ್ಲಿ ನೀವು ಇದ್ದಿರಲಾರಿರಿ, ಆದರೂ ನಿಮ್ಮ ಮಾತಿಗೇ ಬೆಲೆ ಅನ್ನೋದಂತೂ ಅದರಲ್ಲಿದೆ.

ಹಾಸನದಂಥ ಊರಲ್ಲಿ ಗಣತಿಗೆ ಬರೋ ಟೀಚರು ಓನರ್ ಆಂಟಿಯ ಪರಿಚಯದವರೇ ಆಗಿರಬಹುದು, ನಿಮ್ಮ ನಿಜವಾದ ಭಯ ಅದು ತಾನೇ? ಬರೆದುಕೊಂಡಿದ್ದನ್ನು ಅವರು ಹೊರಗೆ ಬಾಯಿ ಬಿಟ್ಟರೆ ಅದು ಅಪರಾಧ. ಆ ದಾಖಲೆಯನ್ನು ಬೇರೆಯವರು ನೋಡುವ ಹಾಗಿಲ್ಲ, ಕೋರ್ಟಲ್ಲಿ ಸಾಕ್ಷಿಯಾಗಿ ತರುವ ಹಾಗೂ ಇಲ್ಲ. ಆದರೆ ಕಾಯ್ದೆ ಇದೆ ಅಂತ ಬಾಯಿ ಮುಚ್ಚುತ್ತಾ? ಅದಕ್ಕೇ ಈ ಸಲ ಆನ್‌ಲೈನಲ್ಲಿ ನೀವೇ ತುಂಬೋ ವ್ಯವಸ್ಥೆ ಬಳಸಿಕೊಳ್ಳಿ. ತುಂಬಿದ ಮೇಲೆ ಒಂದು ಐಡಿ ನಂಬರ್ ಸಿಗುತ್ತೆ, ಟೀಚರ್ ಬಂದಾಗ ಅದನ್ನು ತೋರಿಸಿ. ವಿವರವನ್ನೆಲ್ಲ ಜಗಲಿಯಲ್ಲಿ ನಿಂತು ಕೂಗಿ ಹೇಳಬೇಕಾಗಿಲ್ಲ. ಮನೆ ಕಳೆದುಕೊಳ್ಳೋ ಪರಿಸ್ಥಿತಿ ಇದ್ದರೆ ಸಂಬಂಧ ಏನು ಅಂತ ಬಿಡಿಸಿ ಹೇಳಲೂ ಹೋಗಬೇಡಿ, ಇಬ್ಬರ ಹೆಸರು ಜೊತೆಗಿದ್ದರೆ ಸಾಕು.

ಜಾಸ್ತಿ ಎಡವಟ್ಟಾಗೋದು ಊರಲ್ಲಿ. ಅರಕಲಗೂಡಿನಲ್ಲೋ ಮೂಡಿಗೆರೆಯಲ್ಲೋ ಅಮ್ಮ, "ನಮ್ಮ ಹುಡುಗಿ, ಮದುವೆಯಾಗಿಲ್ಲ" ಅಂತ ನಿಮ್ಮ ಹೆಸರನ್ನೂ ಮನೆಯವರ ಜೊತೆ ಸೇರಿಸಿಬಿಡುತ್ತಾರೆ. ಎಲ್ಲಿ ವಾಸವಿದ್ದೀರೋ ಅಲ್ಲೇ ಎಣಿಸಬೇಕು ಅನ್ನೋದು ನಿಯಮ. ಜನರ ಎಣಿಕೆ 2027ರ ಫೆಬ್ರವರಿಯಲ್ಲಿ. ಅಷ್ಟರೊಳಗೆ ಇಬ್ಬರೂ ಮನೆಗೊಂದು ಫೋನ್ ಮಾಡಿ, "ನನ್ನ ಹೆಸರು ಹಾಸನದಲ್ಲೇ ಬರೆಸ್ತೀನಿ, ಅಲ್ಲಿ ಸೇರಿಸಬೇಡಿ" ಅಂತ ಹೇಳಿಬಿಡಿ.