ಕರೆಯದೆ ಬಂದ ಟೂಲ್‌ಬಾರ್‌ಗಳು

ಜುಲೈ ಬಂತೆಂದರೆ ಮುಂಬಯಿಯ ಫೋರ್ಟ್‌ನಿಂದ ಡೊಂಬಿವಲಿಯವರೆಗೆ ನಮ್ಮ ಹೊಟೇಲಿನವರು ಬಿಲ್ಲು, ಚಲನುಗಳ ಕಟ್ಟು ಹಿಡಿದು ಆಡಿಟರ ಬಾಗಿಲಿಗೆ ಹೋಗುತ್ತಾರೆ. 2013ರ ಆಸುಪಾಸಿನಲ್ಲಿ ರಿಟರ್ನ್ ತುಂಬಲು ಆದಾಯ ತೆರಿಗೆ ಇಲಾಖೆ ಕೊಡುತ್ತಿದ್ದ ತಂತ್ರಾಂಶಗಳಲ್ಲಿ ಒಂದು ಓಡಬೇಕಾದರೆ ಕಂಪ್ಯೂಟರಿನಲ್ಲಿ ಜಾವಾ ಎಂಬ ಪೋಷಕ ತಂತ್ರಾಂಶ ಇರಬೇಕಿತ್ತು. ಅವಸರದಲ್ಲಿ ಜಾವಾ ಹಾಕಿಕೊಂಡ ಗುಮಾಸ್ತರ ಬ್ರೌಸರಿನ ನೆತ್ತಿಯ ಮೇಲೆ ಸ್ವಲ್ಪ ಹೊತ್ತಿನಲ್ಲೇ ‘ಆಸ್ಕ್’ ಎಂಬ ಪಟ್ಟಿ, ಅಂದರೆ ಟೂಲ್‌ಬಾರ್, ಬಂದು ಕೂರುತ್ತಿತ್ತು, ಹುಡುಕಾಟದ ತಾಣವೇ ಬದಲಾಗುತ್ತಿತ್ತು. ವೈರಸ್ ಹೊಕ್ಕಿತೆಂದು ಲ್ಯಾಮಿಂಗ್ಟನ್ ರಸ್ತೆಯ ರಿಪೇರಿಯವರಿಗೆ ಫೋನ್ ಹೋಗುತ್ತಿತ್ತು. ವೈರಸ್ಸೇನೂ ಆಗಿರಲಿಲ್ಲ. ಜಾವಾದ ಒಡೆತನ ಹೊಂದಿದ್ದ ಒರೇಕಲ್ ಮತ್ತು ಆಸ್ಕ್‌ನ ಒಡೆಯ ಕಂಪನಿ ಐಎಸಿ ನಡುವಿನ ವ್ಯಾಪಾರ ಅದು.

ಇನ್‌ಸ್ಟಾಲ್ ಮಾಡುವಾಗ ಒಂದು ಪರದೆಯಲ್ಲಿ ಸಣ್ಣ ಚೌಕ, ಅದರೊಳಗೆ ಮೊದಲೇ ಹಾಕಿಟ್ಟ ಟಿಕ್. ‘ನೆಕ್ಸ್ಟ್’ ಒತ್ತಿದರೆ ಒಪ್ಪಿದಂತೆ. ಅಮೆರಿಕದ ತಂತ್ರಜ್ಞಾನ ಬರಹಗಾರ ಎಡ್ ಬಾಟ್ 2013ರ ಜನವರಿಯಲ್ಲಿ ಇದನ್ನು ಬಿಡಿಸಿ ನೋಡಿದಾಗ ಇನ್ನೊಂದು ಜಾಣತನ ಸಿಕ್ಕಿತು: ಜಾವಾ ಸೇರಿಕೊಂಡ ಮೇಲೆ ಟೂಲ್‌ಬಾರ್ ತಕ್ಷಣ ಬರುತ್ತಿರಲಿಲ್ಲ, ಹತ್ತು ನಿಮಿಷ ಕಾದು ಆಮೇಲೆ ಬರುತ್ತಿತ್ತು. ಅನುಮಾನ ಬಂದು ತೆಗೆದುಹಾಕಲು ಹೊರಟವರಿಗೆ ತೆಗೆಯಲು ಏನೂ ಕಾಣುತ್ತಿರಲಿಲ್ಲ. ಅದೇ ತಿಂಗಳು ಜಾವಾದಲ್ಲಿ ಗಂಭೀರ ಭದ್ರತಾ ದೋಷ ಪತ್ತೆಯಾಗಿ, ಬ್ರೌಸರಿನಲ್ಲಿ ಅದನ್ನು ನಿಷ್ಕ್ರಿಯಗೊಳಿಸಿ ಎಂದು ಅಮೆರಿಕ ಸರ್ಕಾರವೇ ಎಚ್ಚರಿಸಿತ್ತು. ದೋಷ ಸರಿಪಡಿಸುವ ಅಪ್‌ಡೇಟ್ ಬಂತು, ಅದರ ಬೆನ್ನ ಮೇಲೂ ಆಸ್ಕ್ ಇತ್ತು. ಮದ್ದು ಕೊಡುವಾಗಲೂ ಲಾಭದ ಕೈ ಬಿಡದವರನ್ನು ಏನೆನ್ನಬೇಕೋ ತಿಳಿಯದು.

ಈ ಚಾಳಿ ಹುಟ್ಟಿದ್ದು ದೊಡ್ಡ ಕಂಪನಿಗಳಲ್ಲಲ್ಲ. ವಿದೇಶ ಸಂಚಾರ ನಿಗಮ (ವಿಎಸ್‌ಎನ್‌ಎಲ್) 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದಾಗ ಮುಂಬಯಿ ಮೊದಲ ನಗರಗಳಲ್ಲಿ ಒಂದು. ಆಗಿನ ಬಿಟ್ಟಿ ತಂತ್ರಾಂಶಗಳು ಹೆಚ್ಚಾಗಿ ಬರುತ್ತಿದ್ದದ್ದು ಕಂಪ್ಯೂಟರ್ ಪತ್ರಿಕೆಗಳ ಜೊತೆ ಕೊಡುವ ಸಿಡಿಗಳಲ್ಲಿ. ಕೆಲವು ದಿನ ಬಳಸಿ ನೋಡಿ, ಹಿಡಿಸಿದರೆ ದುಡ್ಡು ಕಳುಹಿಸಿ ಎಂಬುದು ಆ ಕಾಲದ ಪದ್ಧತಿ. ಕಳುಹಿಸಿದವರು ಕಡಿಮೆ. ಬಳಸುವವನು ಕೊಡದಿದ್ದರೆ ಬೇರೆ ಯಾರಾದರೂ ಕೊಡಲಿ ಎಂಬ ಯೋಚನೆಯಿಂದ ಜಾಹೀರಾತು ತಂತ್ರಾಂಶಗಳಿಗೆ ಬಾಗಿಲು ತೆರೆಯಿತು. ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವ ಸಹಾಯಕನಂತೆ ಬಂದ ‘ಗೇಟರ್’ ಬೇರೆಯವರ ತಾಣಗಳ ಮೇಲೆ ತನ್ನ ಜಾಹೀರಾತು ಕಿಟಕಿ ತೆರೆಯುತ್ತಿತ್ತು. ವಾಷಿಂಗ್ಟನ್ ಪೋಸ್ಟ್, ನ್ಯೂಯಾರ್ಕ್ ಟೈಮ್ಸ್‌ನಂಥ ಪತ್ರಿಕೆಗಳ ಪ್ರಕಾಶಕರು 2002ರಲ್ಲಿ ಅದನ್ನು ನ್ಯಾಯಾಲಯಕ್ಕೆ ಎಳೆದರು. ಮರುವರ್ಷ ರಾಜಿ ಆಯಿತು, ಕಂಪನಿ ‘ಕ್ಲಾರಿಯಾ’ ಎಂದು ಹೆಸರು ಬದಲಿಸಿಕೊಂಡಿತು.

ಆ ಕಾಲದ ಸೈಬರ್ ಕೆಫೆಗಳಲ್ಲಿ ಕೂತವರಿಗೆ ‘ಕಜಾ’ ನೆನಪಿರಬಹುದು, ಹಾಡು ಇಳಿಸಿಕೊಳ್ಳುವ ತಂತ್ರಾಂಶ. ಹಾಡು ಕದಿಯುತ್ತಿದ್ದೇವೆ ಎಂದುಕೊಂಡವರ ಕಂಪ್ಯೂಟರನ್ನೇ ಇನ್ನೊಬ್ಬರು ಬಳಸುವ ಏರ್ಪಾಡು ಒಳಗೆ ನಡೆದಿತ್ತು. ಕಜಾ ಜೊತೆ ಬ್ರಿಲಿಯಂಟ್ ಡಿಜಿಟಲ್ ಎಂಬ ಕಂಪನಿಯ ತಂತ್ರಾಂಶವೂ ಇಳಿಯುತ್ತಿತ್ತು. ಬಳಕೆದಾರರ ಕಂಪ್ಯೂಟರುಗಳ ಖಾಲಿ ಜಾಗ, ಬಿಡುವಿನ ಸಾಮರ್ಥ್ಯವನ್ನು ತನ್ನದೇ ಜಾಲಕ್ಕೆ ಬಳಸುವುದು ಅದರ ಯೋಜನೆ. ಇದು ಬಯಲಾದದ್ದು 2002ರ ಏಪ್ರಿಲ್‌ನಲ್ಲಿ, ಷೇರು ನಿಯಂತ್ರಕರಿಗೆ ಕಂಪನಿಯೇ ಸಲ್ಲಿಸಿದ ಕಾಗದಪತ್ರಗಳಿಂದ. ಹೂಡಿಕೆದಾರರಿಗೆ ಹೇಳಲೇಬೇಕೆಂಬ ಕಾನೂನಿತ್ತು, ಕಂಪ್ಯೂಟರಿನ ಯಜಮಾನನಿಗೆ ಅಷ್ಟು ಬಿಡಿಸಿ ಹೇಳುವ ಗರಜು ಯಾರಿಗೂ ಇರಲಿಲ್ಲ.

ದಂಡದ ಬಿಸಿ ತಟ್ಟಿದ್ದು ತಡವಾಗಿ. 2006ರ ನವೆಂಬರ್‌ನಲ್ಲಿ ಜಾಂಗೋ ಎಂಬ ಜಾಹೀರಾತು ತಂತ್ರಾಂಶ ಕಂಪನಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 30 ಲಕ್ಷ ಡಾಲರ್ ತೆರಲು ಒಪ್ಪಿತು. ತನ್ನ ತಂತ್ರಾಂಶವನ್ನು ತಡೆಯಿತೆಂದು ಇದೇ ಜಾಂಗೋ ಆಂಟಿವೈರಸ್ ಕಂಪನಿ ಕ್ಯಾಸ್ಪರ್‌ಸ್ಕಿ ಮೇಲೆ ದಾವೆ ಹೂಡಿ 2009ರಲ್ಲಿ ಮೇಲ್ಮನವಿಯಲ್ಲೂ ಸೋತಿತು. ಆದರೂ ಆಂಟಿವೈರಸ್ ಕಂಪನಿಗಳು ಇಂಥವನ್ನು ವೈರಸ್ ಪಟ್ಟಿಗೆ ಹಾಕಲು ಅಳುಕಿ, ‘ಬೇಡವಾಗಿರಬಹುದಾದವು’ ಎಂದು ಬೇರೆಯದೇ ವರ್ಗ ಮಾಡಿಕೊಂಡವು. ‘ಒಪ್ಪಿದ್ದೇನೆ’ ಎಂಬ ಗುಂಡಿಯನ್ನು ಬಳಕೆದಾರನೇ ಒತ್ತಿರುವಾಗ ಕೋರ್ಟಿನಲ್ಲಿ ವಾದಿಸುವುದು ಕಷ್ಟವೆಂಬ ಲೆಕ್ಕಾಚಾರ.

ಪುಂಡರು ಹಿಂದೆ ಸರಿದ ಜಾಗಕ್ಕೆ ಮರ್ಯಾದಸ್ಥರು ಬಂದರು. ನನಗೆ ಈ ಚರಿತ್ರೆಯಲ್ಲಿ ಹೆಚ್ಚು ಕೆಟ್ಟದಾಗಿ ಕಾಣುವುದು ಈ ಹಂತವೇ. ಗೇಟರ್ ಹಾಕಿಕೊಂಡವನಿಗೆ ತಾನು ಎಲ್ಲೋ ಎಡವಿದೆ ಎಂದಾದರೂ ಅನ್ನಿಸುತ್ತಿತ್ತು. ಹೆಸರಾಂತ ಕಂಪನಿಯ ಪರದೆಯನ್ನು ಯಾರು ಅನುಮಾನಿಸುತ್ತಾರೆ? ವಿಡಿಯೊ ನೋಡಿಸುವ ಡಿವ್‌ಎಕ್ಸ್ ಕಂಪನಿಗೆ ಯಾಹೂ ಟೂಲ್‌ಬಾರ್ ಮುಂತಾದವನ್ನು ಹಂಚಿದ್ದಕ್ಕೆ 2008ರ ಮೊದಲ ಒಂಬತ್ತು ತಿಂಗಳಲ್ಲೇ 1.57 ಕೋಟಿ ಡಾಲರ್ ಬಂತು. ಅಲ್ಲಿದ್ದವರೇ ಮುಂದೆ ‘ಓಪನ್ ಕ್ಯಾಂಡಿ’ ಕಟ್ಟಿ ಇದೇ ಸೌಕರ್ಯವನ್ನು ಸಣ್ಣ ತಂತ್ರಾಂಶಗಾರರಿಗೂ ಒದಗಿಸಿದರು. ಅದೇ ವರ್ಷ ಆ್ಯಪಲ್, ಐಟ್ಯೂನ್ಸ್ ಇದ್ದ ವಿಂಡೋಸ್ ಕಂಪ್ಯೂಟರುಗಳಿಗೆ ತನ್ನ ಸಫಾರಿ ಬ್ರೌಸರನ್ನು ಅಪ್‌ಡೇಟ್ ಪಟ್ಟಿಯಲ್ಲಿ ಟಿಕ್ ಹಾಕಿಯೇ ಕಳುಹಿಸಿತು. ಅಡೋಬಿಯ ಫ್ಲ್ಯಾಶ್ ಜೊತೆ ಮೆಕಾಫಿಯ ಭದ್ರತಾ ತಂತ್ರಾಂಶ ಬರುತ್ತಿತ್ತು. ಬಿಟ್ಟಿ ಆಂಟಿವೈರಸ್ ಅವಾಸ್ಟ್ ಜೊತೆ ಗೂಗಲ್ ಕ್ರೋಮ್.

ಡೌನ್‌ಲೋಡ್ ತಾಣಗಳ ಕತೆಯಲ್ಲಿ ಕನ್ನಡಿಗರ ಪಾಲು ಸ್ವಲ್ಪ ಇದೆ. ಮದುವೆಯ ಕರೆಯೋಲೆ, ಸಂಘದ ಸ್ಮರಣ ಸಂಚಿಕೆ, ಯಕ್ಷಗಾನದ ಕರಪತ್ರ ಎಂದು ಈ ಊರಿನಲ್ಲಿ ಕನ್ನಡ ಅಚ್ಚಿನ ಕೆಲಸಕ್ಕೆ ಕೊರತೆಯಿಲ್ಲ. ಕನ್ನಡ ಟೈಪ್ ಮಾಡಲು 1998ರಲ್ಲಿ ‘ಬರಹ’ ತಂತ್ರಾಂಶ ಬಂತು, ಆಮೇಲೆ ‘ನುಡಿ’. ವಿಂಡೋಸ್ ಎಕ್ಸ್‌ಪಿಯಲ್ಲಿ 2001ರಿಂದಲೇ ಕನ್ನಡದ ತುಂಗಾ ಫಾಂಟ್ ಇದ್ದರೂ ಡಿಟಿಪಿ ಮಾಡುವವರು ಹಳೆಯ ಫಾಂಟುಗಳನ್ನೇ ನೆಚ್ಚಿಕೊಂಡಿದ್ದರು. ಬೆಂಗಳೂರಿನವರಂತೆ ಪಕ್ಕದ ಅಂಗಡಿಯಿಂದ ಸಿಡಿ ತರುವ ಅನುಕೂಲ ಇಲ್ಲಿಲ್ಲ, ಆದ್ದರಿಂದ ಇಂಟರ್ನೆಟ್ಟಿನಲ್ಲಿ ಹುಡುಕಬೇಕು. ಹುಡುಕಿದರೆ ಸಿಗುವ ಪುಟದಲ್ಲಿ ನಾಲ್ಕಾರು ಹಸಿರು ‘ಡೌನ್‌ಲೋಡ್’ ಗುಂಡಿಗಳು. ಅಸಲಿ ಗುಂಡಿ ಸಣ್ಣ ಅಕ್ಷರದಲ್ಲಿ ಮೂಲೆಯಲ್ಲಿ. ಅಂಥ ಕಚೇರಿಗಳ ಕಂಪ್ಯೂಟರಿನಲ್ಲಿ ಟೂಲ್‌ಬಾರ್‌ಗಳು ಒಂದರ ಮೇಲೊಂದು ಪೇರಿಸಿಕೊಂಡು, ತಾಣ ನೋಡಲು ಅರ್ಧ ಪರದೆ ಮಾತ್ರ ಉಳಿದಿದ್ದನ್ನು ಕಂಡಿದ್ದೇನೆ.

ತಂತ್ರಾಂಶ ಬರೆದವರಿಗೂ ಗೊತ್ತಿಲ್ಲದೆ ಇದು ನಡೆಯುತ್ತಿತ್ತು. ಅಮೆರಿಕದ ಸಿನೆಟ್ ಕಂಪನಿಯ ಡೌನ್‌ಲೋಡ್ ತಾಣ ಎನ್‌ಮ್ಯಾಪ್ ಎಂಬ ಉಚಿತ ತಂತ್ರಾಂಶಕ್ಕೆ ಟೂಲ್‌ಬಾರಿನ ಹೊದಿಕೆ ಹೊದಿಸಿ ಹಂಚುತ್ತಿದೆ ಎಂದು 2011ರ ಡಿಸೆಂಬರ್‌ನಲ್ಲಿ ಅದನ್ನು ಬರೆದ ಗಾರ್ಡನ್ ಲಯನ್ ಬಹಿರಂಗವಾಗಿ ದೂರಿದರು. ಮುಕ್ತ ತಂತ್ರಾಂಶಗಳ ತವರೆನಿಸಿದ್ದ ಸೋರ್ಸ್‌ಫೋರ್ಜ್ 2013ರಲ್ಲಿ ‘ಡೆವ್‌ಶೇರ್’ ಹೆಸರಿನಲ್ಲಿ ಅದೇ ದಾರಿ ಹಿಡಿಯಿತು. ಚಿತ್ರ ತಿದ್ದುವ ಗಿಂಪ್ ತಂಡ ಬೇಸತ್ತು ಅಲ್ಲಿಂದ ಹೊರಬಿತ್ತು. ಅವರು ಬಿಟ್ಟುಹೋದ ಪುಟವನ್ನು 2015ರಲ್ಲಿ ತಾಣವೇ ವಶಕ್ಕೆ ತೆಗೆದುಕೊಂಡು ಜಾಹೀರಾತು ಸೇರಿಸಿದ ಗಿಂಪನ್ನು ಹಂಚಿತು. ಗಲಾಟೆಯಾಯಿತು. 2016ರಲ್ಲಿ ಒಡೆತನ ಬದಲಾದ ಮೇಲೆ ಡೆವ್‌ಶೇರ್ ನಿಂತಿತು.

ಇದರ ಹಿಂದಿನ ದರಪಟ್ಟಿಯನ್ನು ಗೂಗಲ್ ಮತ್ತು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದರು: ಒಂದು ಇನ್‌ಸ್ಟಾಲ್‌ಗೆ 10 ಸೆಂಟ್‌ನಿಂದ ಒಂದೂವರೆ ಡಾಲರ್, ಅಮೆರಿಕದ ಕಂಪ್ಯೂಟರಾದರೆ ಹೆಚ್ಚು. ಇಂಥ ತಂತ್ರಾಂಶಗಳ ಕುರಿತು ಗೂಗಲ್ ವಾರಕ್ಕೆ ತೋರಿಸುತ್ತಿದ್ದ ಎಚ್ಚರಿಕೆಗಳು 6 ಕೋಟಿಗೂ ಹೆಚ್ಚು, ಅಪಾಯಕಾರಿ ಮಾಲ್‌ವೇರ್ ಕುರಿತ ಎಚ್ಚರಿಕೆಗಳ ಮೂರು ಪಟ್ಟು. ಅಷ್ಟರಲ್ಲಿ ಮೈಕ್ರೋಸಾಫ್ಟ್ ತನ್ನ ನಿಯಮ ಬಿಗಿಗೊಳಿಸಿ, 2015ರಲ್ಲಿ ಆಸ್ಕ್ ಟೂಲ್‌ಬಾರಿನ ಹಳೆಯ ಆವೃತ್ತಿಗಳನ್ನು ತೆಗೆದುಹಾಕತೊಡಗಿತ್ತು. 2021ರ ಆಗಸ್ಟ್‌ನಿಂದ ವಿಂಡೋಸ್ 10 ಇಂಥವನ್ನು ಕೇಳದೆಯೇ ತಡೆಯುತ್ತದೆ.

ಆ ಹೊತ್ತಿಗೆ ವ್ಯಾಪಾರ ಮೊಬೈಲಿಗೆ ದಾಟಿತ್ತು. ಅಲ್ಲಿ ‘ನೆಕ್ಸ್ಟ್’ ಒತ್ತುವ ಶಾಸ್ತ್ರವೂ ಇಲ್ಲ, ಡಬ್ಬಿ ಬಿಚ್ಚುವಾಗಲೇ ಆ್ಯಪ್‌ಗಳು ಒಳಗಿರುತ್ತವೆ. ಗೂಗಲ್ ತನ್ನ ಆ್ಯಪ್‌ಗಳ ಇಡೀ ಗುಚ್ಛವನ್ನು ಫೋನ್ ತಯಾರಕರ ಮೇಲೆ ಹೇರುತ್ತಿದೆ ಎಂದು ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು; ಮುಂದಿನ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿಯಿತು. ವಿಚಿತ್ರವೆಂದರೆ, 2025ರ ನವೆಂಬರ್‌ ಕೊನೆಯಲ್ಲಿ ದೂರಸಂಪರ್ಕ ಇಲಾಖೆಯೇ ‘ಸಂಚಾರ್ ಸಾಥಿ’ ಆ್ಯಪನ್ನು ಹೊಸ ಫೋನುಗಳಲ್ಲಿ ಮೊದಲೇ ಹಾಕಿಡಬೇಕೆಂದು ಆದೇಶಿಸಿತು. ವಿರೋಧ ಎದ್ದು, ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆಯಿತು.

ಹಾಗಾದರೆ ಮೊದಲೇ ಹಾಕಿಟ್ಟ ಟಿಕ್ ನಮ್ಮಲ್ಲಿ ತಪ್ಪೇ? 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ 13 ಬಗೆಯ ವಂಚಕ ವಿನ್ಯಾಸಗಳನ್ನು ಹೆಸರಿಸುತ್ತದೆ. ಗ್ರಾಹಕನ ಒಪ್ಪಿಗೆಯಿಲ್ಲದೆ ಖರೀದಿಯ ಬುಟ್ಟಿಗೆ ಇನ್ನೊಂದನ್ನು ಸೇರಿಸುವುದು ಅದರಲ್ಲಿ ಒಂದು. ಆದರೆ ಅಲ್ಲಿ ಲೆಕ್ಕಕ್ಕೆ ಬರುವುದು ಅದರಿಂದ ಗ್ರಾಹಕ ತೆರಬೇಕಾದ ಮೊತ್ತ ಏರಿತೇ ಎಂಬುದು. ಟೂಲ್‌ಬಾರ್ ಬಿಟ್ಟಿ, ಮೊತ್ತ ಏರುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದಕ್ಕಿಂತ ಖಡಕ್ಕಾಗಿದೆ: ಒಬ್ಬರ ಮಾಹಿತಿ ಬಳಸಲು ಪಡೆಯುವ ಒಪ್ಪಿಗೆ ಅವರದೇ ಸ್ಪಷ್ಟ ಕ್ರಿಯೆಯಿಂದ ಬಂದಿರಬೇಕು. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಒಪ್ಪಿಗೆಯ ಭಾಗಕ್ಕೆ ಸಿದ್ಧವಾಗಲು ಕಂಪನಿಗಳಿಗೆ ಸಿಕ್ಕಿರುವ ಕಾಲಾವಕಾಶ ಹದಿನೆಂಟು ತಿಂಗಳು.