ಶ್ವಾಸಕೋಶದ ಗಡ್ಡೆ ಮಿದುಳಿನಲ್ಲಿ ಬೇರೂರುವ ಬಗೆ

ತಲೆಯ ಎಂಆರ್‌ಐ ವರದಿ ಹಿಡಿದು ಬರುವ ಮನೆಯವರು ಸಾಮಾನ್ಯವಾಗಿ ಕೇಳುವುದು ಒಂದೇ ಮಾತು: "ಡಾಕ್ಟ್ರೇ, ಗಡ್ಡೆ ಇದ್ದದ್ದು ಶ್ವಾಸಕೋಶದಲ್ಲಿ, ಈಗ ಮಿದುಳಿನ ಕ್ಯಾನ್ಸರೂ ಬಂತೇ?" ಬಂದಿರುವುದು ಬೇರೆ ಕಾಯಿಲೆಯಲ್ಲ. ಮಿದುಳಿನಿಂದ ತೆಗೆದ ತುಣುಕನ್ನು ಪರೀಕ್ಷಿಸಿದರೆ, ಅಡಿನೋಕಾರ್ಸಿನೋಮಾ ಎಂಬ ಬಗೆಯ ಶ್ವಾಸಕೋಶದ ಕ್ಯಾನ್ಸರಿನ ಗುರುತಾದ ಟಿಟಿಎಫ್-1 ಪ್ರೋಟೀನು ಬಹಳಷ್ಟು ಸಲ ಅಲ್ಲಿಯೂ ಕಾಣಸಿಗುತ್ತದೆ.

ದಾರಿಯೇನೋ ಹತ್ತಿರದ್ದೇ. ಶ್ವಾಸಕೋಶದಿಂದ ಹೊರಟ ರಕ್ತ ನೇರವಾಗಿ ಹೃದಯದ ಎಡಭಾಗಕ್ಕೆ ಬರುತ್ತದೆ. ಹೃದಯ ಹೊರದೂಡುವ ರಕ್ತದಲ್ಲಿ ಶೇ. 15ರಿಂದ 20ರಷ್ಟು ಮಿದುಳಿಗೆ ಹೋಗುತ್ತದೆ. ಆದರೆ ತಲುಪುವುದು ಬೇರೆ, ಬೇರೂರುವುದು ಬೇರೆ. ಬೀಜ ಎಲ್ಲೆಡೆ ಬಿದ್ದರೂ ಒಗ್ಗುವ ಮಣ್ಣಿನಲ್ಲಷ್ಟೇ ಮೊಳೆಯುತ್ತದೆಂದು ಇಂಗ್ಲೆಂಡಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲೇ ಬರೆದಿದ್ದ. ರಕ್ತನಾಳದ ಬಿಗಿಯಾದ ಗೋಡೆಯನ್ನು ನುಸುಳಿ ಒಳಬಂದ ಕೋಶಗಳಲ್ಲಿ ಹೆಚ್ಚಿನವು ಅಲ್ಲೇ ಸಾಯುತ್ತವೆ.

ಕೊಲ್ಲುವ ಕೆಲಸದಲ್ಲಿ ಮುಖ್ಯ ಪಾತ್ರ ಮಿದುಳಿನದೇ ಆದ ಆಸ್ಟ್ರೋಸೈಟ್ ಎಂಬ ನಕ್ಷತ್ರಾಕಾರದ ಕೋಶಗಳದ್ದು. ಅವುಗಳ ನೆರವಿನಿಂದ ಹುಟ್ಟುವ ಪ್ಲಾಸ್ಮಿನ್ ಕಿಣ್ವವು ಅವುಗಳ ಮೈಮೇಲಿನ ಫಾಸ್ ಲೈಗ್ಯಾಂಡ್ ಎಂಬ ಮಾರಕ ಅಣುವನ್ನು ಬಿಡಿಸಿ ಹರಿಯಬಿಡುತ್ತದೆ. ಜೊತೆಗೆ, ಕ್ಯಾನ್ಸರ್ ಕೋಶ ಲೋಮನಾಳವನ್ನು ತಬ್ಬಿ ಬೆಳೆಯಲು ಬೇಕಾದ ಎಲ್1ಕ್ಯಾಮ್ ಎಂಬ ಅಂಟನ್ನೂ ಕತ್ತರಿಸುತ್ತದೆ. ಬದುಕುಳಿಯುವ ಕೆಲವೇ ಕೋಶಗಳು ಪ್ಲಾಸ್ಮಿನ್ ಹುಟ್ಟದಂತೆ ತಡೆಯುವ ಸರ್ಪಿನ್‌ಗಳನ್ನು ತಯಾರಿಸುತ್ತವೆ ಎಂದು ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕೇಂದ್ರದ ಜೋನ್ ಮಸಾಗೆ ಅವರ ತಂಡ 2014ರಲ್ಲಿ ತೋರಿಸಿತು. ಅವುಗಳಲ್ಲೊಂದಾದ ನ್ಯೂರೋಸರ್ಪಿನ್ ನರಕೋಶಗಳದ್ದೇ ಪ್ರೋಟೀನು. ಎಂದರೆ ಕಳ್ಳ ಮನೆಯವರದೇ ಅಂಗಿ ತೊಟ್ಟು ಕೂತಂತೆ.

ಅದೇ ತಂಡ 2016ರಲ್ಲಿ ಕಂಡದ್ದು ನನಗೆ ಇನ್ನೂ ವಿಚಿತ್ರವೆನಿಸುತ್ತದೆ. ಕ್ಯಾನ್ಸರ್ ಕೋಶವು ಕನೆಕ್ಸಿನ್ 43ರಿಂದಾದ ಸಣ್ಣ ಸುರಂಗಗಳ ಮೂಲಕ ಆಸ್ಟ್ರೋಸೈಟಿನೊಳಕ್ಕೆ ಸಿಜಿಎಎಂಪಿ ಎಂಬ ಅಣುವನ್ನು ಕಳುಹಿಸುತ್ತದೆ. ವೈರಸ್ ನುಗ್ಗಿದಾಗ ಮೊಳಗಬೇಕಾದ ಎಚ್ಚರಿಕೆ ಅದು. ಆಸ್ಟ್ರೋಸೈಟ್ ಬೆದರಿ ಇಂಟರ್‌ಫೆರಾನ್ ಮತ್ತು ಟಿಎನ್‌ಎಫ್ ಎಂಬ ಸಂಕೇತ ಪ್ರೋಟೀನುಗಳನ್ನು ಸುರಿಸುತ್ತದೆ. ಅವು ಗಡ್ಡೆಗೇ ಮರಳಿ ಅದರ ಬೆಳವಣಿಗೆಗೂ ಕೀಮೋಥೆರಪಿಯನ್ನು ತಾಳಿಕೊಳ್ಳುವ ಶಕ್ತಿಗೂ ನೆರವಾಗುತ್ತವೆ.

ಇಜಿಎಫ್‌ಆರ್ ಅಥವಾ ಎಎಲ್‌ಕೆ ಜೀನ್ ಬದಲಾದ ಗಡ್ಡೆಗಳಿಗೆ ಮಿದುಳು ತಲುಪುವ ಒಸಿಮರ್ಟಿನಿಬ್, ಲೋರ್ಲಾಟಿನಿಬ್‌ನಂಥ ಮಾತ್ರೆಗಳು ಈಗ ಇವೆ. ಆದರೆ ಮಿದುಳಿಗೆ ಬಂದ ಗಡ್ಡೆ ಮೂಲ ಗಡ್ಡೆಯಲ್ಲಿ ಕಾಣದ ಜೀನ್ ಬದಲಾವಣೆಗಳನ್ನು ಹೊತ್ತಿರಬಹುದು. ಹಾಗಾಗಿ ಶಸ್ತ್ರಕ್ರಿಯೆಯಲ್ಲಿ ತೆಗೆದ ಮಿದುಳಿನ ತುಣುಕನ್ನು, ಶ್ವಾಸಕೋಶದ ಹಳೆಯ ವರದಿ ಕೈಯಲ್ಲಿದ್ದರೂ, ಮತ್ತೊಮ್ಮೆ ಜೀನ್ ಪರೀಕ್ಷೆಗೆ ಕಳುಹಿಸುವಂತೆ ನಾನು ಕೇಳಿಕೊಳ್ಳುತ್ತೇನೆ.